ತಳ

ಟ್ರೋಲ್‌ಹೆಟ್ಟನ್ನಿನ ಗುಜರಿ ಅಂಗಳ, ಫೆಬ್ರುವರಿ.
ಕ್ರೇನು ಎತ್ತಿಹಿಡಿದ ಕಾರಿನಡಿ
ಗುನ್ವೋರ್ ಕತ್ತೆತ್ತಿ ನಿಂತಿದ್ದಾಳೆ.

ಮೂತಿ ಜರ್ಮನಿಯದು, ಹೆಸರು ಬೇರೆ,
ಹೊಟ್ಟೆ ಮಾತ್ರ ತಮ್ಮದೇ ಅಚ್ಚು:
ಎಡಗಡೆ, ಏಳನೇ ಬೆಸುಗೆಯ ಪಕ್ಕ
ಯಾರಿಗೂ ಬೇಡದ ಆ ತೂತು.
ಒಡಹುಟ್ಟು ಮುಖದಲ್ಲಿರುವುದಿಲ್ಲ.

ಯಾಕಿದು, ಎಂದು ಕೇಳಿದ್ದಳು ಒಮ್ಮೆ.
"ಹಿಂದಿನದರಲ್ಲಿತ್ತು," ಎಂದಿದ್ದ ಫೋರ್‌ಮನ್ ಸಿಕ್ಸ್ಟನ್.

ಮುಂದಿನದರಲ್ಲೂ ಇತ್ತು.
ಗಾಲಿಗಳ ನಡುವೆ ನಾಲ್ಕು ಬೆರಳು ಹೆಚ್ಚಿತು,
ಉಕ್ಕು ತೆಳುವಾಯಿತು, ಬೆಸೆಯುವ ಕೈ ಯಂತ್ರದ್ದಾಯಿತು,
ನಕ್ಷೆ ಬರೆದವರು ಒಬ್ಬೊಬ್ಬರೇ ನಿವೃತ್ತರಾದರು;
ತೂತು ಅಳಿಸುವ ಧೈರ್ಯ ಯಾರಿಗೂ ಬರಲಿಲ್ಲ.

ಕಾರ್ಖಾನೆಯೇ ಮುಚ್ಚಿತು.

ಕ್ರೇನಿನ ಹುಡುಗ ಹಾರ್ನ್ ಹೊಡೆಯುತ್ತಾನೆ.
ಅವಳು ಗ್ಲೋವ್ ಕಳಚಿ, ತುದಿಗಾಲಲ್ಲಿ ನಿಂತು
ಕಿರುಬೆರಳು ತೂರಿಸುತ್ತಾಳೆ.
ಅಳತೆ ಅದೇ.
ಕೊರೆಯುವಷ್ಟು ತಣ್ಣಗೆ.