ಮೂರನೇ ಮಾಳಿಗೆ, ಎಡ

ಯುರೋಪು ಎಂದರೆ ಕೋಟು ಎಂದುಕೊಂಡಿದ್ದೆ.
ನುಸಿಗುಳಿಗೆ ನಾರುವ ಉಣ್ಣೆಯ ಕೋಟು, ಭಾವನದು,
ತೋಳಿನ ಮೇಲೆ ಹೊತ್ತು ಲಿಸ್ಬನ್ನಿನಲ್ಲಿ ಇಳಿದರೆ
ಜೂನು ತಿಂಗಳು, ರಾತ್ರಿ ಎಂಟೂವರೆ,
ಸೂರ್ಯನ ಡ್ಯೂಟಿ ಇನ್ನೂ ಮುಗಿದಿರಲಿಲ್ಲ.

ಮೂವತ್ತೊಂದು ವರ್ಷ ಓಡುವ ರೈಲಿನಲ್ಲಿ ನಿಂತು
ಕಾಗದ ವಿಂಗಡಿಸಿದವನು ನಾನು.
ಯಾವ ಊರಾದರೂ ನನಗೆ ಮೊದಲು ಪಿನ್‌ಕೋಡು,
ಆಮೇಲೆ ನದಿ, ಆಮೇಲೆ ಜನ.
ಅಂಚೆಚೀಟಿಗಳ ಪ್ರದರ್ಶನಕ್ಕೆ ಕರೆದಿದ್ದರು.
ಕಂಕುಳಲ್ಲಿ ಆಲ್ಬಮ್ಮು, ಕೈಯಲ್ಲಿ ತಂಗುವ ಮನೆಯ ವಿಳಾಸ:
ಬೀದಿ, ನಂಬರು, ಮೂರನೇ ಮಾಳಿಗೆ, ಎಡ.

ಎಡ!
ಒಡೆಯನ ಹೆಸರಿಲ್ಲ, ಅವನಪ್ಪನ ಹೆಸರಿಲ್ಲ,
ಹಿಟ್ಟಿನ ಗಿರಣಿಯ ಎದುರಿಲ್ಲ, ಹನುಮಪ್ಪನ ಹಿಂದಿಲ್ಲ.
ಹತ್ತು, ಎಡಕ್ಕೆ ತಿರುಗು, ಕದ ತಟ್ಟು.
ಮನೆಯವರು ಬದಲಾದರೂ, ಸತ್ತರೂ
ಕಾಗದ ಮಾತ್ರ ತಪ್ಪದೆ ಎಡಕ್ಕೇ ಬರುತ್ತದೆ.
ಎಂಥ ಸುಖದ ನೌಕರಿ ಇಲ್ಲಿ, ಅನ್ನಿಸಿತು.

ಬೀದಿಗೆ ಹಾಸಿದ್ದು ಬೆಲ್ಲದಚ್ಚಿನಷ್ಟು ಬಿಳಿಗಲ್ಲು, ನಡುನಡುವೆ ಕರಿಗಲ್ಲು,
ನಡೆದವರ ಪಾದ ತಿಕ್ಕಿ ತಿಕ್ಕಿ ಸಾಬೂನಿನಂತೆ ಜಾರು.
ಏರು, ಇಳಿಜಾರು, ಮತ್ತೆ ಏರು.
ಹಳದಿ ಟ್ರಾಮೊಂದು ಗೋಡೆಗೆ ಕೆನ್ನೆ ಉಜ್ಜುತ್ತ ಬಂತು;
ಕಿಟಕಿಯ ಮುದುಕ ಚಾಚಿದ ಮೊಣಕೈ ಎತ್ತಿ,
ಅದು ಹೋದ ಮೇಲೆ ಮತ್ತೆ ಅಲ್ಲೇ ಇಟ್ಟ,
ಕಣ್ಣನ್ನೂ ಅತ್ತ ಹೊರಳಿಸದೆ.
ಬಚ್ಚಲಿಗೆ ಅಂಟಿಸುವ ಟೈಲ್ಸು ಇಲ್ಲಿ ಮನೆಯ ಮೋರೆಗೆ,
ಅಂಗಿ ತಿರುವಿ ತೊಟ್ಟ ಹುಡುಗರ ಹಾಗೆ ಮನೆಗಳು.
ನಾಲ್ಕನೇ ಮಾಳಿಗೆಯಿಂದ ಯಾರದೋ ಲಂಗ
ನನ್ನ ನೆತ್ತಿಗೆ ಎರಡು ಹನಿ ತೊಟ್ಟಿಕ್ಕಿಸಿತು.

ದಾರಿ ಹೇಳಿದವನು ಸಿಲ್ಹೆಟ್ಟಿನ ರಕೀಬುದ್ದೀನ,
ಸೋರೆಕಾಯಿ, ಫೋನಿನ ಕವರು ಮಾರುವವನು.
"ಕೋಟು ಯಾಕೆ ಚಾಚಾ?" ಎಂದ ಮುರುಕು ಹಿಂದಿಯಲ್ಲಿ.
ಯುರೋಪು ನನ್ನೊಡನೆ ಆಡಿದ ಮೊದಲ ಮಾತು ಅದು.

ಮನೆಯೊಡತಿ ದೋನಾ ಎರ್ಮೆಲಿಂಡಾ,
ಎಂಬತ್ತು ದಾಟಿದ ಮೊಣಕಾಲು, ಇಪ್ಪತ್ತರ ಹುಬ್ಬು.
ಅಂಗೈಗೆ ಕಬ್ಬಿಣದ ತುಂಡೊಂದನ್ನಿಟ್ಟು "ಶಾವ್" ಎಂದಳು.
ತಲೆಯಾಡಿಸಿದೆ, ತಿಳಿಯದೆ.

ಬಚ್ಚಲಲ್ಲಿ ಹಾವಿನಂಥ ಕೊಳವೆ, ತಲೆಗೆ ಸಾವಿರ ತೂತು.
ನನಗದು ಒಗ್ಗದು. ಕೈಯಲ್ಲಿ ದುಂಡಗೆ ತೋರಿಸಿದೆ,
ಎತ್ತಿದೆ, ನೆತ್ತಿಯ ಮೇಲೆ ಮಗುಚಿದೆ.
ಅವಳು ಒಂದು ಟೊಪ್ಪಿ ತಂದುಕೊಟ್ಟಳು.
ಸೋತು, ನನಗೆ ನಾನೇ ಗೊಣಗಿದೆ: "ಒಂದು ಬಾಲ್ದಿ ಕೇಳೋದು ಇಷ್ಟು ಕಷ್ಟವೇ?"
"ಬಾಲ್ದ್!" ಎಂದು ಕೂಗಿ
ಓಡಿದಳು ಮುದುಕಿ, ನೀಲಿ ಪ್ಲಾಸ್ಟಿಕ್ಕಿನದು ಎತ್ತಿ ತಂದಳು.

ಆಮೇಲೆ ಇಬ್ಬರೂ ಮಕ್ಕಳಾಗಿ ಮುಟ್ಟಾಟ ಆಡಿದೆವು:
ಮೇಜು ಮುಟ್ಟಿ ನಕ್ಕೆವು, ಜನೇಲು ಮುಟ್ಟಿ ನಕ್ಕೆವು,
ಜೇಬಿನ ಚಾವಿ ಹೊರಬಂತು, ಆಗ ಹೊಳೆಯಿತು ಆ ಶಾವ್.
ಕುರ್ಚಿಗೆ ಬಂದಾಗ ಆಟ ನಿಂತಿತು.

ಕುರ್ಚಿಯ ಮೇಲ್ಗಡೆ, ಗೋಡೆಯಲ್ಲಿ, ಒಬ್ಬ ಸಿಪಾಯಿ.
ಅವಳ ಅಣ್ಣ. "ಗೋವಾ" ಎಂದಳು.
ಎರಡು ಮಣಿಕಟ್ಟು ಸೇರಿಸಿ, ಆರು ಬೆರಳೆತ್ತಿದಳು.
ಆರು ತಿಂಗಳು. ಹಿಡಿದಿಟ್ಟವರು ನಾವು.
ನಾಲ್ಕುನೂರೈವತ್ತು ವರ್ಷದ ಎದುರು ಆರು ತಿಂಗಳು
ಯಾವ ಲೆಕ್ಕ, ಎನ್ನಬಹುದಿತ್ತು. ತಂಗಿಯ ಲೆಕ್ಕ ಬೇರೆ.
ಗಾಳಿಯಲ್ಲಿ ಬೆರಳಿನಿಂದ ಏನೋ ಬರೆದು, ಮಡಚಿ,
ಬಾಗಿಲ ಕಡೆ ನೋಡಿ
ಬರಿಗೈ ಚಾಚಿ ತೋರಿಸಿದಳು.
ಕಾಗದ ಬರಲಿಲ್ಲ.

ನಾನಾಗ ಹುಟ್ಟಿರಲಿಲ್ಲ.
ಆದರೂ ನನ್ನ ಬಲಗೈ, ಹಳೇ ಚಾಳಿ ಬಿಡದ ಕೈ,
ತೊಡೆಯ ಮೇಲೆ ತನ್ನಷ್ಟಕ್ಕೆ ತಾನೇ ತಡಕಾಡತೊಡಗಿತು
ಗೂಡಿನಿಂದ ಗೂಡಿಗೆ,
ಮೂರನೇ ಮಾಳಿಗೆ, ಎಡ.

ಹೊರಗೆ ಕೊನೆಗೂ ಕತ್ತಲೆ ಬಿತ್ತು, ಸುಟ್ಟ ಮೀನಿನ ಹೊಗೆಯ ಜೊತೆ.
ಕೋಟು ಎಲ್ಲಿ ತೂಗುಹಾಕಲಿ ಎಂದು ಕೇಳಲು
ಇಬ್ಬರಿಗೂ ಸೇರಿದ ಮಾತು ಸಿಗಲಿಲ್ಲ.
ಅವಳೇ ಇಸಿದುಕೊಂಡು, ಒಮ್ಮೆ ಮೂಸಿ, ಮೂಗು ಮುರಿದು
ಅಣ್ಣನ ಮಗ್ಗುಲ ಗೂಟಕ್ಕೆ ಸಿಕ್ಕಿಸಿದಳು.