ಕುಲಾವಿ

ಗಿಲೆನ್ ತಿವಿಯೆರ್ಜ್ ಹೆಣೆಯುತ್ತಾಳೆ.
ಕ್ವಿಬೆಕ್ ನಗರದ ಕೆಳಪೇಟೆ, ಮೂರನೆಯ ಮಹಡಿ,
ಹೊರಗೆ ಸೊನ್ನೆಗಿಂತ ಇಪ್ಪತ್ತಾರು ಕೆಳಗೆ,
ಕಿಟಕಿಯ ಗಾಜಿನಲ್ಲಿ ಒಳಗಿಂದಲೇ ಹಿಮ ಹೂಬಿಟ್ಟಿದೆ.
ನೀಲಿ ಉಣ್ಣೆ, ಬಿಳಿ ಉಣ್ಣೆ, ನೆತ್ತಿಗೊಂದು ಕುಚ್ಚು.
ಇನ್ನೂ ಹುಟ್ಟದ ಹಾಕಿ ತಂಡಕ್ಕೆ
ಟೊಪ್ಪಿ.

ಕೂಸು ಹುಟ್ಟುವ ಮುಂಚೆ ಕುಲಾವಿ
ಎಂದು ನಗುತ್ತೇವೆ ನಾವು.
ಅವಳ ಊರಲ್ಲಿ ಕರಡಿಯನ್ನು ಕರೆತರುತ್ತಾರೆ:
ಕೊಲ್ಲುವ ಮೊದಲೇ ತೊಗಲು ಮಾರಬೇಡ.
ಎರಡು ಗಾದೆಗೂ ಅವಳು ಸೊಪ್ಪು ಹಾಕುವುದಿಲ್ಲ.
ಊರೇ ಹೊಲಿಸಿಟ್ಟಿಲ್ಲವೇ ಕುಲಾವಿ, ಎನ್ನುತ್ತಾಳೆ,
ಕಾಂಕ್ರೀಟಿನದು, ಹದಿನೆಂಟು ಸಾವಿರ ಕುರ್ಚಿಯದು?
ನನ್ನದು ಬರೀ ಎರಡು ಉಂಡೆ ನೂಲು.

ಹಿಂದೆ ಒಂದು ತಂಡವಿತ್ತು.
ತೊಂಬತ್ತೈದರಲ್ಲಿ ಗಂಟುಮೂಟೆ ಕಟ್ಟಿ
ಪಡುವಣದ ಬೆಟ್ಟದೂರಿಗೆ ಹೋಯಿತು,
ಮರುವರ್ಷವೇ ಕಪ್ ಎತ್ತಿತು.
ಆ ರಾತ್ರಿ ಅವಳ ಗಂಡ ಫೆರ್ನಾಂ
ಟೀವಿಯ ದನಿ ಆರಿಸಿ ಚಿತ್ರ ಮಾತ್ರ ನೋಡಿದ,
ಬಿಟ್ಟುಹೋದವಳ ಮದುವೆಯ ಮೆರವಣಿಗೆಯನ್ನು
ಪರದೆಯ ಸಂದಿಯಿಂದ ನೋಡುವ ಹಾಗೆ.
ಸಾಯುವವರೆಗೂ ಆ ಊರಿನ ಹೆಸರೆತ್ತಲಿಲ್ಲ.
ನಕಾಶೆಯಲ್ಲಿ ಬೆರಳು ಅಲ್ಲಿಗೆ ಬಂದರೆ
ಬಳಸಿಕೊಂಡು ಹೋಗುತ್ತಿತ್ತು.

ಬೆಳಿಗ್ಗೆ ಆರಕ್ಕೆ ಮೂಲೆಯ ಹೋಟೆಲಿನಲ್ಲಿ ಪಂಚಾಯ್ತಿ.
ಹಿಮ ಗುಡಿಸುವ ಲಾರಿಯ ರೆಯಾಲ್, ಅವಳ ತಮ್ಮ,
ಸಕ್ಕರೆ ಪೊಟ್ಟಣಗಳನ್ನು ಮೇಜಿನ ಮೇಲೆ ಸಾಲು ಹಚ್ಚುತ್ತಾನೆ.
ಇದು ಹ್ಯೂಸ್ಟನ್: ದುಡ್ಡಿದೆ, ಜನವಿದೆ,
ಮಂಜುಗಡ್ಡೆ ಕಂಡದ್ದು ಮಾತ್ರ ಲೋಟದಲ್ಲಿ.
ಇದು ಅಟ್ಲಾಂಟಾ: ಎರಡು ಸಲ ಕಟ್ಟಿಕೊಂಡು
ಎರಡು ಸಲ ಕಳಕೊಂಡವಳು,
ಮೂರನೆಯದಕ್ಕೂ ಚಪ್ಪರ ಹಾಕಿಸುತ್ತಿದ್ದಾಳಂತೆ.
ಇದು ಹ್ಯಾಮಿಲ್ಟನ್:
ಪಕ್ಕದ ಮನೆಯ ಟೊರೊಂಟೊ ಒಪ್ಪಬೇಕಲ್ಲ!
ಇದು ಕಾನ್ಸಸ್ ಸಿಟಿ. ಇದು, ಇರಲಿ ಬಿಡಿ, ಇನ್ಯಾವುದೋ.
ನಾವೆಲ್ಲಿ? ಎಂದ ಪಿಯೆರಿಕ್.
ರೆಯಾಲ್ ಉಪ್ಪಿನ ಡಬ್ಬಿ ಎತ್ತಿ
ಮೇಜಿನ ತುತ್ತತುದಿಗೆ ಇಟ್ಟ.
ಯಾರೂ ಮಾತಾಡಲಿಲ್ಲ.
ಕಾಫಿ ಹಾಕುವ ಹುಡುಗಿ ಮೇಜೊರೆಸುತ್ತ ಬಂದು
ಬೀಳುತ್ತೆ ನೋಡಿ, ಎಂದು
ಉಪ್ಪನ್ನು ನಡುವಿಗೆ ಸರಿಸಿ ಹೋದಳು.

ಗಾಳಿಮಾತಿಗೆ ಬರವಿಲ್ಲ, ನದಿಯಂಚಿನ ಊರು.
ಜನವರಿಯಲ್ಲಿ ಬ್ಯಾಂಕಿನವನ ಭಾವಮೈದುನ
ವಿಮಾನದಲ್ಲಿ ಕಂಡನಂತೆ ಲೀಗಿನ ದೊಡ್ಡವರೊಬ್ಬರನ್ನು.
ಇಲ್ಲೇ ಇಳಿದರಂತೆ, ಸೂಟಿನಲ್ಲಿ, ಬರಿದಲೆಯಲ್ಲಿ.
ಕಿವಿ ಎರಡೂ ಕೆಂಡದ ಹಾಗಿದ್ದವಂತೆ.
ಆ ವಾರ ಗಿಲೆನ್ ಒಂದು ಟೊಪ್ಪಿ ಹೆಚ್ಚು ಹೆಣೆದಳು,
ದೊಡ್ಡ ತಲೆಯ ಅಳತೆಗೆ.
ಆಮೇಲೆ ತಿಳಿಯಿತು:
ಬಂದವರು ಹಲ್ಲಿನ ಡಾಕ್ಟರು, ಸಮ್ಮೇಳನಕ್ಕೆ.

ಮಾರ್ಚಿನಲ್ಲಿ ರೇಡಿಯೊ ಕೆಮ್ಮಿ ಹೇಳಿತು,
ಲೀಗಿಗೆ ಆತುರವಿಲ್ಲವಂತೆ.
ರೆಯಾಲ್ ಒಂದೊಂದೇ ಊರನ್ನು ಹರಿದು
ಕಾಫಿಗೆ ಸುರಿದುಕೊಂಡ:
ಹ್ಯೂಸ್ಟನ್, ಅಟ್ಲಾಂಟಾ, ಹ್ಯಾಮಿಲ್ಟನ್.
ಕದಡಿ, ಕುಡಿದು, ಮುಖ ಕಿವುಚಿ,
ಸಿಹಿ ಜಾಸ್ತಿಯಾಯಿತು, ಎಂದ.

ಪೆಟ್ಟಿಗೆಯಲ್ಲಿ ಈಗ ನಲವತ್ತೊಂದು ಟೊಪ್ಪಿ,
ನುಸಿಗುಳಿಗೆಯ ವಾಸನೆ.
ಸಂಜೆ, ಹಿತ್ತಲ ಗಲ್ಲಿಯಲ್ಲಿ
ಬಕೆಟ್ಟಿನಿಂದ ನೀರು ಸುರಿದು ಹೆಪ್ಪುಗಟ್ಟಿಸಿದ ಅಂಗಳ,
ಎರಡು ಕಸದ ಡಬ್ಬಿ ನಡುವೆ ಗೋಲು,
ಗೋಲಿನಲ್ಲೊಬ್ಬ ಹುಡುಗ, ಬರಿದಲೆ.
ಎಷ್ಟು ಹೊತ್ತು ನೋಡಿಯಾಳು?
ಕಿಟಕಿ ತೆರೆದಳು, ಹಿಮ ಚಟ್ಟನೆ ಸೀಳಿತು.
ಕೈಗೆ ಸಿಕ್ಕಿದ್ದನ್ನು ಎಸೆದಳು.

ಹುಡುಗ ಎತ್ತಿಕೊಂಡು ಮೇಲೆ ನೋಡಿದ.
ಯಾವ ತಂಡದ್ದು, ಅಜ್ಜಿ?
ಮೊದಲು ಕಿವಿ ಮುಚ್ಚೋ, ಎಂದು ಕೂಗಿದಳು.

ಸಿಕ್ಕಿದ್ದು ಆ ಡಾಕ್ಟರಿನ ಅಳತೆಯದು.
ಹುಬ್ಬು ದಾಟಿ, ಕಣ್ಣು ದಾಟಿ, ಮೂಗಿಗೆ ಇಳಿಯಿತು.
ಏನೂ ಕಾಣದೆಯೇ ಹುಡುಗ
ಮುಂದಿನ ಹೊಡೆತವನ್ನು ತಡೆದ.