ಮೋಡದೊಳಗೆ ಶಿಳ್ಳೆ

ಬೆನ್ನ ಮೇಲೆ ಎರಡು ಮರದ ಹಲಗೆ, ನಡುವೆ ಒಹಾಕದ ಹಳೆ ಪೇಪರಿನ ಕಟ್ಟು,
ಹಣೆಗೆ ಪಟ್ಟಿ. ದಿನಕ್ಕಿಷ್ಟೆಂದು ಕೂಲಿ.
ಮುಂದೆ ಡಾಕ್ಟರು ಲಿಸಾಂದ್ರೊ. ಜ್ವರಕ್ಕೆ ಮದ್ದು ಕೊಡುವ ಡಾಕ್ಟರಲ್ಲ,
ಎಲೆಯ ಬೆನ್ನು ತಿರುವಿ ನೋಡುವವರು.

ಓಕ್ ಮರದ ಮೈಯೆಲ್ಲ ಪಾಚಿ, ಪಾಚಿಯ ಮೇಲೆ ಜರಿಗಿಡ,
ಜರಿಯ ಹೆಗಲಿಗೆ ಆರ್ಕಿಡ್ಡು.
ಇಲ್ಲಿ ಯಾವುದೂ ತನ್ನ ಕಾಲ ಮೇಲೆ ತಾನು ನಿಂತಿಲ್ಲ.
'ಸಾಲಗಾರರ ಊರು' ಎಂದೆ.
ಅವರು ನಗಲಿಲ್ಲ, ಬರೆದುಕೊಂಡರು.
ನೀಲಿ ಜೇ ಹಕ್ಕಿಗಳ ಗುಂಪೊಂದು ಪಾಚಿ ಕೆದಕುತ್ತ ತಲೆಯ ಮೇಲೇ ಹೋಯಿತು.
ಕತ್ತೆತ್ತಲಿಲ್ಲ. ಹಕ್ಕಿ ಅವರ ವಿಷಯವಲ್ಲ.

ಕಿತ್ತದ್ದನ್ನು ಪೇಪರಿನ ಮಡಿಕೆಯಲ್ಲಿಡುವುದು ನನ್ನ ಕೆಲಸ.
ಮಂತ್ರಿಯ ಮುಖದ ಮೇಲೊಂದು ಜರಿ,
ಸೋತ ಫುಟ್‌ಬಾಲ್ ತಂಡದ ಮೇಲೆ ಉಗುರಿನಷ್ಟು ಹಳದಿ ಹೂ.
ಹಗ್ಗ ಬಿಗಿದರೆ ಎಲ್ಲರೂ ಒಟ್ಟಿಗೆ ಒಣಗುತ್ತಾರೆ.

'ಎರ್ಮೆಲಿಂದ, ನಿಮ್ಮ ಮಾತಲ್ಲಿ ಇದಕ್ಕೇನು ಹೆಸರು?'
ಕೆಲವಕ್ಕಿದೆ: ಬಾಣಂತಿ ಸ್ನಾನದ್ದು, ಹೇಸರಗತ್ತೆಯ ಹುಣ್ಣಿನದ್ದು,
ಜೋಳದ ಕಡುಬು ಸುತ್ತುವುದು.
ಕೆಲವಕ್ಕಿಲ್ಲ. ಬೇಕಾಗದ್ದನ್ನು
ನಾವು ಕೂಗಿ ಕರೆದವರಲ್ಲ.
ಹಾಗೆಂದರೆ ಅವರಿಗೆ ಬೇಜಾರು. ಒಂದೆರಡಕ್ಕೆ
ನಿಂತಲ್ಲೇ ಹೆಸರು ಕಟ್ಟಿದೆ. ಒಂದು ನನ್ನ ನಾದಿನಿಯದು.

ಮಧ್ಯಾಹ್ನ ಮೋಡ ಬಂತು. ಮೇಲಿಂದಲ್ಲ, ಕಣಿವೆಯಿಂದ ಹತ್ತಿ,
ಕೊಟ್ಟಿಗೆಗೆ ದನ ನುಗ್ಗುವ ಹಾಗೆ.
ಮೊದಲು ಮರಜರಿಗಳ ಕೊಡೆ ಹೋಯಿತು,
ಆಮೇಲೆ ಕಾಂಡ, ಆಮೇಲೆ ನನ್ನ ಮುಂದಿನ ಹೆಜ್ಜೆ.
ಡಾಕ್ಟರ ಕೆಂಪು ಟೋಪಿ ಹತ್ತು ಮಾರು ಮುಂದಿತ್ತು.
ಇತ್ತು.
ಕೂಗಿದೆ. ಕೂಗು ಒದ್ದೆ ಹತ್ತಿಯಾಗಿ ಬಾಯಿಗೇ ವಾಪಸು ಬಂತು.

ನಮ್ಮ ಗಂಡಸರು ಶಿಳ್ಳೆಯಲ್ಲೇ ಮಾತಾಡುತ್ತಾರೆ,
ಈ ದಂಡೆಯಿಂದ ಆ ದಂಡೆಗೆ:
ಕಾಫಿಯ ದರ, ತಪ್ಪಿಸಿಕೊಂಡ ಹೇಸರಗತ್ತೆ, ಬೈಗುಳ.
ಹೆಂಗಸರಿಗೆ ಎಲ್ಲ ತಿಳಿಯುತ್ತದೆ. ಹಾಕುವ ಹಾಗಿಲ್ಲ.
ಹನ್ನೊಂದು ವರ್ಷದವಳಿದ್ದಾಗ ಒಮ್ಮೆ ಹಾಕಿ
ತುಟಿಯ ಮೇಲೆ ಏಟು ತಿಂದಿದ್ದೆ.

ಹೊರೆ ಇಳಿಸಿದೆ. ತುಟಿ ಒರೆಸಿದೆ.
ಒಬ್ಬ ಕಳೆದುಹೋಗಿದ್ದಾನೆ.
ಮೇಲೆಲ್ಲೋ ಹಿಲ್ಗೇರೊ ಹಕ್ಕಿ, ತುಕ್ಕು ಹಿಡಿದ ಗೇಟು ತೆರೆದು
ಗಾಜಿನ ಮಣಿ ಚೆಲ್ಲುವಂಥ ದನಿ,
ಅದೂ ಸುಮ್ಮನಾಯಿತು.
ಆಚೆ ದಂಡೆಯಲ್ಲಿ ಅಬುಂದಿಯೊ ಮಾವ. ಇರಲೇಬೇಕು,
ಗುರುವಾರ ಅವನು ಕಳೆ ಕೀಳುವ ದಿನ.
ತುಂಬ ಹೊತ್ತು ಏನೂ ಇಲ್ಲ.
ಆಮೇಲೆ ಸಣ್ಣಗೆ: ಯಾರು ಕಳೆದದ್ದು?

ಎಲ್ಲದರ ಹೆಸರು ಗೊತ್ತಿರುವವನು, ಎಂದೆ.

ಮಾವ ನಕ್ಕದ್ದು ಶಿಳ್ಳೆಯಲ್ಲೂ ತಿಳಿಯುತ್ತದೆ.
ನೀರಿನ ಸದ್ದಿನ ಕಡೆ ಹೋಗಿರುತ್ತಾನೆ. ಎಲ್ಲರೂ ಹೋಗುತ್ತಾರೆ.

ಹೋಗಿದ್ದರು. ಬಿದ್ದ ಮರದ ಮೇಲೆ ಕೂತಿದ್ದರು, ಟೋಪಿ ಮಡಿಲಲ್ಲಿ.
ಪಕ್ಕದಲ್ಲಿ ಅನಾನಸಿನ ಜಾತಿಯದೊಂದು ಗಿಡ, ಎಲೆಬಟ್ಟಲಲ್ಲಿ ಬೊಗಸೆ ನೀರು,
ನೀರಲ್ಲೊಂದು ಗೊದಮೊಟ್ಟೆ.
ಏನನ್ನೂ ಕಿತ್ತಿರಲಿಲ್ಲ.
'ಎಂಥ ಹಕ್ಕಿ ಎರ್ಮೆಲಿಂದ! ಎರಡಿದ್ದವು,
ಈ ಕಡೆ ಒಂದು, ಆ ಕಡೆ ಒಂದು. ಹೆಸರೇನು?'
ಪುಸ್ತಕ ತೆರೆದೇ ಇತ್ತು. ಪೆನ್ಸಿಲು ಒದ್ದೆ.

ಆಚೆಯಿಂದ ಆಗಲೇ ಇನ್ನೊಂದು ಬರುತ್ತಿತ್ತು:
ಸಿಕ್ಕನೇ? ಊಟಕ್ಕೆ ಕರೆತಾ. ಖಾರ ತಿನ್ನುತ್ತಾನಾ ಕೇಳು.
ಕೊನೆಗೊಂದು ತುಂಡು, ನನಗೆ ಮಾತ್ರ:
ನಿನ್ನ ಎರಡನೇ ಸ್ವರ ಇನ್ನೂ ತಗ್ಗು.